ಮರಳುಗಾಡಿನ ಹೊಳೆ, ನೀರಿಳಿದ ಕಾಲ

ಮಳೆ ಬಂದರೆ ಹೊಳೆ ಉಬ್ಬುತ್ತದೆ, ಮಳೆ ನಿಂತರೆ ಇಳಿಯುತ್ತದೆ. ತುಂಗೆ, ಶರಾವತಿ, ಕಾವೇರಿಗಳನ್ನು ನೋಡುತ್ತ ಬೆಳೆದ ನಮಗೆ ಇದರಲ್ಲಿ ವಿಶೇಷವೇನೂ ಕಾಣುವುದಿಲ್ಲ. ಆದರೆ ಅಮೆರಿಕದ ನೈರುತ್ಯ ಭಾಗದ ಮರಳುಗಾಡನ್ನು ಸೀಳಿಕೊಂಡು ಹರಿಯುವ ಕೊಲರಾಡೊ ನದಿಯ ಲೆಕ್ಕ ಬೇರೆ. ಅಣೆಕಟ್ಟುಗಳು ಬರುವ ಮುಂಚೆ ಆ ನದಿ ಉಕ್ಕುತ್ತಿದ್ದುದು ಆಕಾಶದಲ್ಲಿ ಮೋಡದ ಚೂರೂ ಇಲ್ಲದ, ಬಂಡೆಗಳು ಕಾದು ಕೆಂಡವಾಗುವ ಮೇ, ಜೂನ್ ತಿಂಗಳುಗಳಲ್ಲಿ. ನೂರಾರು ಮೈಲಿ ದೂರದ ರಾಕಿ ಪರ್ವತಗಳ ಮೇಲೆ ಚಳಿಗಾಲವೆಲ್ಲ ಬಿದ್ದ ಹಿಮ ಆಗ ಕರಗಿ ಒಮ್ಮೆಲೇ ಕೆಳಗಿಳಿಯುತ್ತಿತ್ತು. ಅಂಥ ದಿನಗಳಲ್ಲಿ ನದಿಯ ಹರಿವು ಎಂಬತ್ತು, ತೊಂಬತ್ತು ಸಾವಿರ ಕ್ಯೂಸೆಕ್ ಮುಟ್ಟುವುದು ಸಾಮಾನ್ಯವಾಗಿತ್ತು. 1921ರ ಜೂನ್‌ನಲ್ಲಿ ಅರಿಜೋನಾ ರಾಜ್ಯದ ಲೀಸ್ ಫೆರಿ ಎಂಬಲ್ಲಿ ಅದು 1 ಲಕ್ಷ 70 ಸಾವಿರ ಕ್ಯೂಸೆಕ್ ದಾಟಿಬಿಟ್ಟಿತು.

ಅದೇ ನದಿ ಸೆಪ್ಟೆಂಬರ್ ಕಳೆದು ತಂಪು ಬೀಸತೊಡಗಿದಾಗ ಕೆಲವೇ ಸಾವಿರ ಕ್ಯೂಸೆಕ್‌ಗೆ ಇಳಿದು, ಬಂಡೆಗಳ ನಡುವೆ ದಾರಿ ಹುಡುಕಿಕೊಳ್ಳುತ್ತ ಸಾಗುತ್ತಿತ್ತು. ಒಂದೇ ಪಾತ್ರದಲ್ಲಿ ವರ್ಷಕ್ಕೆ ಎರಡು ನದಿಗಳು ಎನ್ನಬೇಕು. ಇವುಗಳಲ್ಲಿ ಯಾವುದರ ಮೇಲೆ ದೋಣಿ ಇಳಿಸಬೇಕು? ಸುಮಾರು ಎಪ್ಪತ್ತು ವರ್ಷ ಆ ಸೀಮೆಯ ನದಿಯಾನಿಗಳ ಮುಂದಿದ್ದ ಪ್ರಶ್ನೆ ಇದು. ಪ್ರಾಣದ ಪ್ರಶ್ನೆಯೂ ಹೌದು.

ಮೊದಲು ಬಂದವನು ಉಕ್ಕುವ ಕಾಲದಲ್ಲಿ ಬಂದ. ಅಂತರ್ಯುದ್ಧದಲ್ಲಿ ಬಲಗೈ ಕಳೆದುಕೊಂಡಿದ್ದ ಮೇಜರ್ ಜಾನ್ ವೆಸ್ಲಿ ಪೊವೆಲ್, 1869ರ ಮೇ 24ರಂದು ಹತ್ತು ಜನ, ನಾಲ್ಕು ದೋಣಿಗಳ ತಂಡ ಕಟ್ಟಿಕೊಂಡು ವಯೋಮಿಂಗ್‌ನ ಗ್ರೀನ್ ರಿವರ್ ಪಟ್ಟಣದಿಂದ ಹೊರಟ. ಖಂಡವನ್ನು ದಾಟುವ ರೈಲುಮಾರ್ಗ ಪೂರ್ಣಗೊಂಡು ಆಗಿನ್ನೂ ಎರಡು ವಾರವಾಗಿತ್ತು. ದೋಣಿಗಳು ಬಂದದ್ದು ಅದೇ ರೈಲಿನಲ್ಲಿ. ಪಟ್ಟಣದ ಬದಿಯಲ್ಲಿ ಹರಿಯುವ ಗ್ರೀನ್ ನದಿ ಕೊಲರಾಡೊದ ಉಪನದಿ. ಎರಡೂ ಕೂಡುವ ಜಾಗದಿಂದ ಮೇಲಕ್ಕೆ ಅಳೆದರೆ ಉಪನದಿಯೇ ಮುಖ್ಯನದಿಗಿಂತ ಉದ್ದ. ಪೊವೆಲ್‌ನ ದೋಣಿಗಳಲ್ಲಿ ಮೂರು ಓಕ್ ಮರದ, ಅಡಿದಿಂಡಿನ ಭಾರೀ ದೋಣಿಗಳು. ಸರೋವರಕ್ಕೋ ಬಂದರಿಗೋ ಹೇಳಿಮಾಡಿಸಿದಂಥವು. ಹುಟ್ಟು ಹಾಕುವವರು ಹೋಗುವ ದಿಕ್ಕಿಗೆ ಬೆನ್ನು ಮಾಡಿ ಕೂರಬೇಕಿತ್ತು. ನೀರು ಬಂಡೆಗಳ ನಡುವೆ ನೊರೆಗಟ್ಟಿ ಧುಮುಕುವ, ರಾಪಿಡ್ ಎಂದು ಕರೆಯುವ ಇಳಿಜಾರುಗಳಲ್ಲಿ ಮುಂದೇನಿದೆ ಎಂದು ಕಾಣದೆ ನುಗ್ಗುವುದೆಂದರೆ ಹೇಗಿರಬಹುದು, ಊಹಿಸಿಕೊಳ್ಳಿ. ಹೊರಟು ಮೂರು ವಾರವಾಗುವ ಮೊದಲೇ ಲೊಡೋರ್ ಕಣಿವೆಯಲ್ಲಿ ಒಂದು ದೋಣಿ ಬಂಡೆಗೆ ಬಡಿದು ಚೂರಾಯಿತು. ಅದರೊಂದಿಗೆ ಆಹಾರದ ದೊಡ್ಡ ಪಾಲೂ ಹೋಯಿತು. ಒಬ್ಬ ಅರ್ಧದಾರಿಯಲ್ಲಿ ವಾಪಸಾದ. ಕೊನೆಯ ಹೊತ್ತಿಗೆ ಮೂವರು ಇನ್ನು ಸಾಧ್ಯವಿಲ್ಲವೆಂದು ಕಮರಿ ಹತ್ತಿ ಹೋದವರು ಜೀವಸಹಿತ ಊರು ಸೇರಲಿಲ್ಲ. ಆಗಸ್ಟ್ 30ರಂದು ಗ್ರ್ಯಾಂಡ್ ಕ್ಯಾನ್ಯನ್‌ನ ಆಚೆ ಬದಿಯಲ್ಲಿ ಹೊರಬಿದ್ದವರು ಆರೇ ಮಂದಿ.

ಇದಾದ ಮೇಲೆ ವಿದ್ಯೆ ಕಲಿಸಿದವನು ಮೇಜರನೂ ಅಲ್ಲ, ಎಂಜಿನಿಯರನೂ ಅಲ್ಲ. ಯೂಟಾ ರಾಜ್ಯದ ವರ್ನಲ್ ಎಂಬ ಊರಿನ ಸುತ್ತ ಬೀವರ್ ಮೊದಲಾದ ಪ್ರಾಣಿಗಳನ್ನು ಬೋನಿಟ್ಟು ಹಿಡಿಯುತ್ತಿದ್ದ ನಥಾನಿಯೆಲ್ ಗ್ಯಾಲೋವೆ ಎಂಬ ಬೇಟೆಗಾರ. ತುಪ್ಪಳ ದಟ್ಟವಾಗುವುದು ಚಳಿಯಲ್ಲಿ. ಆದ್ದರಿಂದ ಅವನ ಕಸುಬಿನ ಕಾಲವೂ ಚಳಿಗಾಲವೇ, ಅಂದರೆ ನೀರಿಳಿದ ಕಾಲ. ಅಂಥ ನದಿಗೆ ತಕ್ಕಂತೆ ಅವನು ಹಗುರವಾದ, ಚಪ್ಪಟೆ ತಳದ ದೋಣಿ ಮಾಡಿಕೊಂಡ. ಅದಕ್ಕಿಂತ ದೊಡ್ಡ ಮಾತೆಂದರೆ, ದೋಣಿಯನ್ನೇ ತಿರುಗಿಸಿಬಿಟ್ಟ. ಹಿಂಭಾಗ ಮುಂದಾಗಿ ದೋಣಿ ಇಳಿಯುತ್ತಿದ್ದರೆ ಅವನು ಎದುರಿನ ಬಂಡೆಗಳನ್ನು ನೋಡುತ್ತ, ಪ್ರವಾಹಕ್ಕೆ ವಿರುದ್ಧವಾಗಿ ಹುಟ್ಟು ಹಾಕುತ್ತ ವೇಗ ತಗ್ಗಿಸುತ್ತಿದ್ದ. ನೀರಿಗಿಂತ ನಿಧಾನವಾಗಿ ಹೋಗುವ ದೋಣಿಯನ್ನು ಎಡಕ್ಕೂ ಬಲಕ್ಕೂ ಸರಿಸುವುದು ಸುಲಭ. ಕೇಳಿದರೆ ಸಣ್ಣ ಉಪಾಯ. ಆದರೆ ಆಮೇಲೆ ಆ ನದಿಯಲ್ಲಿ ಹುಟ್ಟು ಹಿಡಿದವರೆಲ್ಲ ಒಂದಲ್ಲ ಒಂದು ರೀತಿಯಲ್ಲಿ ಗ್ಯಾಲೋವೆಯ ಶಿಷ್ಯರೇ.

1909ರಲ್ಲಿ ಒಹಾಯೊದ ಉದ್ಯಮಿ ಜೂಲಿಯಸ್ ಸ್ಟೋನ್ ಇವನನ್ನೇ ಮುಂದಿಟ್ಟುಕೊಂಡು ಸೆಪ್ಟೆಂಬರ್ 12ರಂದು ಹೊರಟು ನವೆಂಬರ್‌ನಲ್ಲಿ ಯಾನ ಮುಗಿಸಿದ. 1911ರ ಸೆಪ್ಟೆಂಬರ್ 8ರಂದು ಹೊರಟವರು ಗ್ರ್ಯಾಂಡ್ ಕ್ಯಾನ್ಯನ್ ಅಂಚಿನಲ್ಲಿ ಫೋಟೊ ಸ್ಟುಡಿಯೊ ನಡೆಸುತ್ತಿದ್ದ ಎಲ್ಸ್‌ವರ್ತ್ ಮತ್ತು ಎಮೆರಿ ಕೋಲ್ಬ್ ಸೋದರರು. ಚಲನಚಿತ್ರದ ಕ್ಯಾಮೆರಾವನ್ನೂ ದೋಣಿಗೆ ಹೇರಿಕೊಂಡು, ನಡುವೆ ಕೆಲಕಾಲ ಮನೆಯಲ್ಲಿ ತಂಗಿ, 1912ರ ಜನವರಿ 18ರಂದು ಕ್ಯಾಲಿಫೋರ್ನಿಯಾದ ನೀಡಲ್ಸ್ ತಲುಪಿದರು. ಆ ಚಿತ್ರವನ್ನು ಎಮೆರಿ ತನ್ನ ಸ್ಟುಡಿಯೊದಲ್ಲಿ ಪ್ರವಾಸಿಗರಿಗೆ ದಶಕಗಟ್ಟಲೆ ತೋರಿಸಿದ. 1937ರಲ್ಲಿ ಆರೆಗಾನ್ ರಾಜ್ಯದ ಪೆಟ್ರೋಲ್ ಬಂಕ್ ಒಂದರಲ್ಲಿ ಕೆಲಸಕ್ಕಿದ್ದ ಬಜ್ ಹೋಮ್‌ಸ್ಟ್ರಾಮ್ ಎಂಬ ಯುವಕ ತಾನೇ ಕಟ್ಟಿದ ದೋಣಿಯಲ್ಲಿ ಒಬ್ಬನೇ ಹೊರಟ. ಅಕ್ಟೋಬರ್ 4ರಿಂದ ನವೆಂಬರ್ 25ರವರೆಗೆ ನೀರಿನ ಮೇಲಿದ್ದು ಈಗ ಹೂವರ್ ಎಂಬ ಹೆಸರಿನ ಬೌಲ್ಡರ್ ಅಣೆಕಟ್ಟನ್ನು ಮುಟ್ಟಿದ. ತಿಂಗಳುಗಳನ್ನು ಗಮನಿಸಿ. ನದಿಯನ್ನು ಬಲ್ಲವರು ತಂಪಿನ ಕಾಲವನ್ನೇ ಆರಿಸಿಕೊಳ್ಳತೊಡಗಿದ್ದರು.

ನೀರು ಇಳಿದರೆ ಅಪಾಯ ಇಳಿಯುತ್ತದೆ ಎಂದುಕೊಳ್ಳಬೇಕಿಲ್ಲ. ಅದು ಬೇರೆ ವೇಷ ಹಾಕುತ್ತದೆ, ಅಷ್ಟೇ. ಪ್ರವಾಹದಲ್ಲಿ ಬಂಡೆಗಳು ನೀರಿನಡಿ ಮುಳುಗಿ, ಅವುಗಳ ಮೇಲೆ ಮನೆಯೆತ್ತರದ ಅಲೆಗಳು, ಹಿಂಬದಿಯಲ್ಲಿ ದೋಣಿಯನ್ನೇ ನುಂಗುವ ಸುಳಿಗಳು ಏಳುತ್ತವೆ. ನಿಲ್ಲಲು ದಡವೇ ಸಿಗದು. ನೀರಿಳಿದಾಗ ಅಲೆ ತಗ್ಗುತ್ತದೆ, ರಾಪಿಡ್‌ಗಳ ನಡುವೆ ನಿಂತ ನೀರಿನ ಮಡುಗಳು ತೆರೆದುಕೊಳ್ಳುತ್ತವೆ, ಮರಳ ದಂಡೆಗಳು ಎದ್ದು ಬಿಡಾರಕ್ಕೆ ಜಾಗವಾಗುತ್ತದೆ. ಪ್ರವಾಹ ತಂದೊಡ್ಡಿದ ಮರದ ದಿಮ್ಮಿ, ಕಟ್ಟಿಗೆ ದಡದ ಮೇಲೆ ರಾಶಿ ಬಿದ್ದಿರುವುದರಿಂದ ರಾತ್ರಿಯ ಬೆಂಕಿಗೆ ಬರವಿಲ್ಲ. ನಲವತ್ತು ಡಿಗ್ರಿ ದಾಟುವ ಬೇಸಿಗೆಯ ಸೆಕೆಯೂ ಇಲ್ಲ. ಕೊಲರಾಡೊ ಎಂದರೆ ಸ್ಪ್ಯಾನಿಷ್ ಭಾಷೆಯಲ್ಲಿ ಕೆಂಪಾದದ್ದು ಎಂದರ್ಥ. ಆ ಕೆಂಪು ಕೆಸರೂ ಚಳಿಗಾಲದ ಕಡೆಗೆ ಒಂದಷ್ಟು ತಳಕ್ಕಿಳಿಯುತ್ತಿತ್ತು.

ಇನ್ನೊಂದು ಮಗ್ಗುಲೂ ಇದೆ. ಮುಳುಗಿದ್ದ ಬಂಡೆಗಳೆಲ್ಲ ಹಲ್ಲು ತೋರಿಸುತ್ತವೆ. ಅಗಲವಾದ ದೋಣಿಗೆ ದಾರಿಯೇ ಇರದು. ಎರಡು ಬಂಡೆಗಳ ನಡುವೆ ಅಡ್ಡಡ್ಡ ಸಿಕ್ಕಿಬಿದ್ದರೆ ನೀರಿನ ಒತ್ತಡಕ್ಕೆ ದೋಣಿ ಕಬ್ಬಿಣದ್ದಾದರೂ ಮಡಿಚಿಕೊಳ್ಳುತ್ತದೆ. ಇಳಿಜಾರಿಲ್ಲದ ಕಡೆ ನದಿ ಕೆರೆಯಂತೆ ಮಲಗುವುದರಿಂದ ದಿನವಿಡೀ ತೋಳು ಬೀಳುವಂತೆ ಹುಟ್ಟು ಹಾಕಬೇಕು, ಮರಳ ದಿಬ್ಬಕ್ಕೆ ತಗುಲಿದಾಗ ಮೊಣಕಾಲು ನೀರಿಗಿಳಿದು ಎಳೆಯಬೇಕು. ಸಾವಿರಾರು ಅಡಿ ಆಳದ ಕಮರಿಯಲ್ಲಿ ಸೂರ್ಯನ ಮುಖ ಕಾಣುವುದು ಕೆಲವೇ ಗಂಟೆ. ಒದ್ದೆ ಬಟ್ಟೆ ಒಣಗುವುದಿಲ್ಲ. ಡೈವಿಂಗ್ ಮಾಡುವವರು ತೊಡುವ ರಬ್ಬರಿನ ಉಡುಪು ಬಂದದ್ದು 1950ರ ದಶಕದಲ್ಲಿ. ಅದಕ್ಕೆ ಮುಂಚಿನವರಿಗೆ ಉಣ್ಣೆಯ ಅಂಗಿಯೇ ಗತಿ. ಮಂಜುಗಡ್ಡೆಯಂಥ ನೀರಿಗೆ ಬಿದ್ದವನ ಬೆರಳುಗಳು ನಿಮಿಷಗಳಲ್ಲಿ ಮರಗಟ್ಟಿ, ಹಿಡಿದುಕೊಳ್ಳಲು ಎಸೆದ ಹಗ್ಗವನ್ನೂ ಹಿಡಿಯಲಾರವು. ಈಜು ಬಂದರೂ ಆಗ ಪ್ರಯೋಜನವಿಲ್ಲ.

ಇಂಥ ನದಿಗೆ ತಕ್ಕ ದೋಣಿ ಜಗತ್ತಿನ ಇನ್ನೊಂದು ತುದಿಯಲ್ಲಿ ಸಾವಿರಾರು ವರ್ಷಗಳಿಂದ ಇತ್ತು. ಉತ್ತರ ಧ್ರುವದ ಬಳಿಯ ಇನುಯಿಟ್ ಜನ, ಮರವೇ ಬೆಳೆಯದ ನಾಡಿನಲ್ಲಿ, ತೇಲಿಬಂದ ಕಟ್ಟಿಗೆ ಮತ್ತು ಎಲುಬಿನ ಹಂದರಕ್ಕೆ ಸೀಲ್ ಪ್ರಾಣಿಯ ಚರ್ಮ ಹೊದಿಸಿ ಮಾಡುತ್ತಿದ್ದ ಕಿರಿದಾದ ಬೇಟೆದೋಣಿಯೇ ಕಯಾಕ್. ಹೆಸರೂ ಅವರದೇ. ಹಂದರಕ್ಕೆ ಚರ್ಮ ಹೊದಿಸುವ ಯೋಚನೆ ನಮಗೇನೂ ಹೊಸದಲ್ಲ. ಹಂಪಿಯ ಬಳಿ ತುಂಗಭದ್ರೆಯನ್ನು ದಾಟಿಸುವ ಹರಿಗೋಲನ್ನು ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯಸ್ ಕಂಡು ಬರೆದಿದ್ದಾನೆ. ಬುಟ್ಟಿಯಂತೆ ದುಂಡಗಿದ್ದು, ಹೊರಗೆ ಚರ್ಮ ಹೊದಿಸಿದ್ದ ಅವು ಕುದುರೆ, ಎತ್ತುಗಳನ್ನೂ ಹೊರುತ್ತಿದ್ದವಂತೆ. ಇಲ್ಲಿಯದೂ ಬಂಡೆ ತುಂಬಿದ ಹೊಳೆಯೇ. ಗ್ರೀನ್ ನದಿಯಲ್ಲೂ 1825ರಲ್ಲಿ ವಿಲಿಯಂ ಆಶ್ಲಿ ಎಂಬ ತುಪ್ಪಳ ವ್ಯಾಪಾರಿ ಕಾಡೆಮ್ಮೆ ಚರ್ಮದ ದೋಣಿಗಳಲ್ಲಿ ಇಳಿದುಹೋಗಿ, ಬಂಡೆಯ ಮೇಲೆ ತನ್ನ ಹೆಸರು ಬರೆದಿದ್ದ. ನಲವತ್ತನಾಲ್ಕು ವರ್ಷಗಳ ನಂತರ ಪೊವೆಲ್ ಆ ಬರಹವನ್ನು ಕಂಡ.

ಕಯಾಕ್ ಯೂರೋಪಿಗೆ ಬಂದು ಹೊಸ ರೂಪ ಪಡೆದದ್ದು 1905ರಲ್ಲಿ. ಮ್ಯೂನಿಕ್‌ನ ವಾಸ್ತುಶಿಲ್ಪ ವಿದ್ಯಾರ್ಥಿ ಆಲ್‌ಫ್ರೆಡ್ ಹೊಯ್‌ರಿಚ್ ಮಡಿಚಿ ಚೀಲಕ್ಕೆ ತುಂಬಬಹುದಾದ ಕಯಾಕ್ ಮಾಡಿದ. ಅದರ ಹಕ್ಕು ಕೊಂಡವನು ರೋಸನ್‌ಹೈಮ್ ಊರಿನ ದರ್ಜಿ ಯೋಹಾನ್ ಕ್ಲೆಪ್ಪರ್. ದೋಣಿಯನ್ನು ದರ್ಜಿ ಹೊಲಿಯುವುದೆಂದರೆ ತಮಾಷೆ ಅನ್ನಿಸಬಹುದು. ಆದರೆ ಮರದ ಪಟ್ಟಿಗಳ ಹಂದರಕ್ಕೆ ರಬ್ಬರ್ ಹಚ್ಚಿದ ಕ್ಯಾನ್ವಾಸ್ ತೊಡಿಸುವುದು ಅಳತೆ, ಹೊಲಿಗೆಗಳ ಕೆಲಸವೇ ತಾನೆ? ರೈಲಿನಲ್ಲಿ ಹೊತ್ತೊಯ್ದು ಯಾವ ಹೊಳೆಗಾದರೂ ಇಳಿಸಬಹುದಾದ ದೋಣಿ ಜನಸಾಮಾನ್ಯರ ಕೈಗೆ ಬಂತು. ಆಸ್ಕರ್ ಸ್ಪೆಕ್ ಎಂಬ ಜರ್ಮನ್ನನಂತೂ 1932ರಲ್ಲಿ ಇಂಥದೇ ಮಡಿಚುವ ಕಯಾಕ್‌ನಲ್ಲಿ ಹೊರಟು, ಭಾರತದ ಕರಾವಳಿಯನ್ನು ಸುತ್ತಿಕೊಂಡು, 1939ರಲ್ಲಿ ಆಸ್ಟ್ರೇಲಿಯಾದ ನೀರು ಮುಟ್ಟಿದ. ಅಷ್ಟರಲ್ಲಿ ಮಹಾಯುದ್ಧ ಶುರುವಾಗಿತ್ತು. ಅಲ್ಲಿ ಅವನಿಗೆ ಸಿಕ್ಕ ಸ್ವಾಗತ ಸೆರೆಮನೆ.

ಈ ದೋಣಿ ಕೊಲರಾಡೊಗೆ ಬಂದದ್ದು 1938ರಲ್ಲಿ. ಆ ನದಿಯ ಇತಿಹಾಸದಲ್ಲಿ ಅದೊಂದು ತುಂಬಿದ ವರ್ಷ. ಜೂನ್ 20ರಂದು ನಾರ್ಮನ್ ನೆವಿಲ್ಸ್ ಎಂಬವನ ಮರದ ದೋಣಿಗಳಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಸಸ್ಯವಿಜ್ಞಾನಿಗಳಾದ ಎಲ್ಜಾಡಾ ಕ್ಲೋವರ್ ಮತ್ತು ಲೋಯಿಸ್ ಜಾಟರ್ ಯೂಟಾದಿಂದ ಹೊರಟರು. ಇವರು ಹೋದದ್ದು ಬೇಸಿಗೆಯ ದೊಡ್ಡ ನೀರಿನಲ್ಲಿ. ಗ್ರ್ಯಾಂಡ್ ಕ್ಯಾನ್ಯನ್ ಉದ್ದಕ್ಕೂ ದೋಣಿಯಲ್ಲಿ ಸಾಗಿದ ಮೊದಲ ಮಹಿಳೆಯರು ಇವರು. ಬೇಸಿಗೆಯ ಕೊನೆಯಲ್ಲಿ ಹೋಮ್‌ಸ್ಟ್ರಾಮ್ ಮತ್ತೆ ಬಂದ. ಈ ಸಲ ಜೊತೆಯಲ್ಲಿದ್ದ ಆಮಸ್ ಬರ್ಗ್ ಗಾಳಿ ತುಂಬಿದ ರಬ್ಬರ್ ತೆಪ್ಪ ತಂದಿದ್ದ. ಇಂದು ಪ್ರವಾಸಿಗರನ್ನು ಕೂರಿಸಿಕೊಂಡು ಹೋಗುವ ರಬ್ಬರ್ ತೆಪ್ಪಗಳ ಪೂರ್ವಜ ಅದು.

ಇವರ ಹಿಂದೆಯೇ, ಸೆಪ್ಟೆಂಬರ್ ಮಧ್ಯಭಾಗದಲ್ಲಿ, ಪೊವೆಲ್ ಹೊರಟ ಅದೇ ಗ್ರೀನ್ ರಿವರ್ ಪಟ್ಟಣದಿಂದ ಮೂವರು ಫ್ರೆಂಚರು ಮೂರು ಕಯಾಕ್‌ಗಳಲ್ಲಿ ಇಳಿದರು. ಬೆರ್ನಾರ್ ದ ಕೋಲ್ಮೋಂ ಮೆಕ್ಸಿಕೊದ ಕಾಡಿನಲ್ಲಿ ಮಾಯಾ ಮೂಲದ ಲಕಂಡೋನ್ ಜನರ ನಡುವೆ ಅಲೆದು ಬಂದಿದ್ದ ಅನ್ವೇಷಕ. ಅವನ ಪತ್ನಿ ಜೆನೆವಿಯೆವ್‌ಗೆ ಆಗ ಇಪ್ಪತ್ತೆರಡರ ಆಸುಪಾಸು. ಮೂರನೆಯವನು ಗೆಳೆಯ ಆಂತ್ವಾನ್ ದ ಸೇನ್. ಈ ನದಿಗಳಲ್ಲಿ ಕಯಾಕ್ ಇಳಿಸಿ ದೀರ್ಘಯಾನ ಮಾಡಿದ ಮೊದಲಿಗರು ಇವರೇ ಎಂದು ನದಿಯಾನದ ಇತಿಹಾಸ ಬರೆದವರು ಒಪ್ಪುತ್ತಾರೆ. ಜೆನೆವಿಯೆವ್ ಪ್ರಯಾಣಿಕಳಾಗಿ ಕೂತವಳಲ್ಲ, ತನ್ನ ಕಯಾಕ್‌ನ ಹುಟ್ಟನ್ನು ತಾನೇ ಹಿಡಿದವಳು. ಈ ಯಾನದ ದೃಶ್ಯಗಳನ್ನು ಅವರು ಬಣ್ಣದ ಫಿಲ್ಮ್‌ನಲ್ಲಿ ಸೆರೆಹಿಡಿದರು.

ಅವರು ಕಮರಿಗಳೊಳಗಿದ್ದ ಆ ಸೆಪ್ಟೆಂಬರ್ ಕೊನೆಯಲ್ಲೇ ಅತ್ತ ಮ್ಯೂನಿಕ್‌ನಲ್ಲಿ ಹಿಟ್ಲರನ ಜೊತೆ ಬ್ರಿಟನ್, ಫ್ರಾನ್ಸ್‌ಗಳು ಒಪ್ಪಂದಕ್ಕೆ ಸಹಿ ಹಾಕುತ್ತಿದ್ದವು. ಯೂರೋಪ್ ಉಸಿರು ಬಿಗಿಹಿಡಿದಿದ್ದ ದಿನಗಳವು. ಗೋಡೆಯಂಥ ಬಂಡೆಗಳ ನಡುವೆ ಪತ್ರಿಕೆಯೂ ಇಲ್ಲ, ರೇಡಿಯೊವೂ ಇಲ್ಲ. ಅವರ ಎದುರಿಗಿದ್ದದ್ದು ಮುಂದಿನ ತಿರುವು ಮಾತ್ರ.

ನೀರಿಳಿದ ನದಿಯಲ್ಲಿ ಕಯಾಕ್‌ನ ಗುಣವೆಲ್ಲ ಬೆಳಕಿಗೆ ಬರುತ್ತದೆ. ಅದಕ್ಕೆ ಬೇಕಾದ ನೀರಿನ ಆಳ ಕೆಲವೇ ಅಂಗುಲ. ಅಗಲ ಒಬ್ಬ ಮನುಷ್ಯನ ಸೊಂಟದಷ್ಟು. ಕೂತವನ ಮುಖ ಹೋಗುವ ದಿಕ್ಕಿಗೇ ಇರುವುದರಿಂದ ಗ್ಯಾಲೋವೆ ಕಷ್ಟಪಟ್ಟು ಸಾಧಿಸಿದ್ದು ಇಲ್ಲಿ ಹುಟ್ಟಿನಿಂದಲೇ ಬಂದಿದೆ. ಎರಡೂ ತುದಿಗಳಲ್ಲಿ ಅಲಗಿರುವ ಒಂದೇ ಹುಟ್ಟು. ಎಡಕ್ಕೊಂದು, ಬಲಕ್ಕೊಂದು ಏಟು ಹಾಕುತ್ತ ಬಂಡೆಯಿಂದ ಬಂಡೆಗೆ ಹೊರಳಬಹುದು. ದಾಟಲಾಗದ ರಾಪಿಡ್ ಎದುರಾದರೆ ದೋಣಿಯನ್ನು ಹೆಗಲಿಗೇರಿಸಿ ದಡದ ಬಂಡೆಗಳ ಮೇಲೆ ನಡೆದುಬಿಡಬಹುದು. ಪೊವೆಲ್‌ನ ಜನ ಓಕ್ ದೋಣಿಗಳನ್ನು ಹಗ್ಗ ಕಟ್ಟಿ ಇಳಿಸಲು ದಿನಗಟ್ಟಲೆ ಹೆಣಗಿದ್ದರು. ಕ್ಯಾನ್ವಾಸ್ ಹರಿದರೆ ತೇಪೆ ಹಾಕಿ, ರಬ್ಬರಿನ ಅಂಟು ಬಳಿದು, ಬೆಂಕಿಯ ಪಕ್ಕ ಒಣಗಿಸಿದರಾಯಿತು. ಹರಿಯುತ್ತಿದ್ದದ್ದೂ ಹೌದೆನ್ನಿ.

ಸುಮಾರು ಸಾವಿರ ಕಿಲೋಮೀಟರ್ ಸಾಗಿ ನವೆಂಬರ್‌ನಲ್ಲಿ ಮೂವರೂ ಲೀಸ್ ಫೆರಿಯಲ್ಲಿ ದಡ ಹತ್ತಿದರು. ಮುಂದಿರುವುದು ಗ್ರ್ಯಾಂಡ್ ಕ್ಯಾನ್ಯನ್. ಚಳಿಗಾಲ ಹೊಸ್ತಿಲಿಗೆ ಬಂದಿತ್ತು. ಅವರು ಅಲ್ಲಿಗೇ ನಿಲ್ಲಿಸಿದರು. ಈ ಯಾನದಲ್ಲಿ ನನಗೆ ಹೆಚ್ಚು ಹಿಡಿಸುವುದು ಈ ನಿಲ್ಲಿಸುವಿಕೆಯೇ. ದಾಖಲೆಗಾಗಿ ಹಠ ಹಿಡಿಯಲಿಲ್ಲ, ಹೋದ ಮೂವರೂ ಮರಳಿದರು. ಕಯಾಕ್ ಗ್ರ್ಯಾಂಡ್ ಕ್ಯಾನ್ಯನ್ ದಾಟಿದ್ದು 1941ರಲ್ಲಿ. ಅಲೆಕ್ಸಾಂಡರ್ ಗ್ರಾಂಟ್ ಎಂಬಾತ ಮಡಿಚುವ ಕಯಾಕ್‌ಗೆ ಮಾರ್ಪಾಡು ಮಾಡಿಕೊಂಡು ನೆವಿಲ್ಸ್‌ನ ತಂಡದ ಜೊತೆ ಹೋದ. ಅಲ್ಲಿನ ರಾಪಿಡ್‌ಗಳನ್ನೆಲ್ಲ ಕಯಾಕ್‌ನಲ್ಲಿ ಇಳಿದ ಕೀರ್ತಿ 1960ರಲ್ಲಿ ಜರ್ಮನ್ ಮೂಲದ ವಾಲ್ಟರ್ ಕಿರ್ಷ್‌ಬಾಮ್‌ನ ಪಾಲಾಯಿತು.

ಅಷ್ಟರಲ್ಲಿ ನದಿಗೇ ಕೇಡುಗಾಲ ಬಂದಿತ್ತು. ಇದರ ಬೇರು 1922ರ ಒಪ್ಪಂದದಲ್ಲಿದೆ. ಆ ವರ್ಷ ಕೊಲರಾಡೊ ಕಣಿವೆಯ ರಾಜ್ಯಗಳು ಮೇಲಿನವು, ಕೆಳಗಿನವು ಎಂದು ಎರಡು ಪಾಲಾಗಿ, ತಲಾ 75 ಲಕ್ಷ ಎಕರೆ ಅಡಿ ನೀರು ಎಂದು ಹಂಚಿಕೊಂಡವು. ದುರದೃಷ್ಟವೆಂದರೆ, ಆ ಹಂಚಿಕೆಗೆ ಆಧಾರವಾದದ್ದು ನೀರು ಹೇರಳವಾಗಿದ್ದ ವರ್ಷಗಳ ಲೆಕ್ಕ. ಕಾವೇರಿ, ಕೃಷ್ಣೆಗಳ ನೀರಿನ ಜಗಳವನ್ನು ತಲೆಮಾರುಗಳಿಂದ ಕೇಳುತ್ತ ಬಂದಿರುವ ನಮಗೆ ಕಾಗದದ ನೀರಿಗೂ ಹೊಳೆಯ ನೀರಿಗೂ ಇರುವ ಅಂತರವನ್ನು ಬಿಡಿಸಿ ಹೇಳಬೇಕಿಲ್ಲ. ಹಂಚಿದ ನೀರನ್ನು ಹಿಡಿದಿಡಲು ಜಲಾಶಯಗಳು ಬೇಕಾದವು. 1950ರ ದಶಕದಲ್ಲಿ ಗ್ರೀನ್ ಮತ್ತು ಯಾಂಪಾ ನದಿಗಳು ಕೂಡುವ ಎಕೊ ಪಾರ್ಕ್ ಬಳಿ ಅಣೆಕಟ್ಟೆಯ ಯೋಜನೆ ಬಂದಾಗ ಪರಿಸರಪ್ರೇಮಿಗಳು ದೇಶವ್ಯಾಪಿ ಹೋರಾಟ ನಡೆಸಿ ಅದನ್ನು ತಡೆದರು. ಜನರನ್ನು ದೋಣಿಯಲ್ಲಿ ಕರೆದೊಯ್ದು ಕಣಿವೆಯನ್ನು ತೋರಿಸಿದ್ದೇ ಅವರ ದೊಡ್ಡ ಅಸ್ತ್ರ. ಗೆಲುವಿಗೆ ಬೆಲೆಯೂ ತೆರಬೇಕಾಯಿತು. 1956ರ ಕಾನೂನಿನಲ್ಲಿ ಎಕೊ ಪಾರ್ಕ್ ಉಳಿಯಿತು, ಆದರೆ ಹೆಚ್ಚು ಜನ ನೋಡಿರದಿದ್ದ ಗ್ಲೆನ್ ಕ್ಯಾನ್ಯನ್‌ಗೆ ಅಣೆಕಟ್ಟೆ ಮಂಜೂರಾಯಿತು.

1962ರಲ್ಲಿ ಗ್ರೀನ್ ನದಿಯ ಫ್ಲೇಮಿಂಗ್ ಗಾರ್ಜ್ ಅಣೆಕಟ್ಟೆಯ ಹಿಂದೆ ನೀರು ನಿಲ್ಲತೊಡಗಿತು. ಆಶ್ಲಿಯ ಬಂಡೆಬರಹ ಮುಳುಗಿತು. 1963ರ ಮಾರ್ಚ್‌ನಲ್ಲಿ ಗ್ಲೆನ್ ಕ್ಯಾನ್ಯನ್ ಅಣೆಕಟ್ಟೆ ನೀರು ಹಿಡಿಯಲು ಆರಂಭಿಸಿತು. ಫ್ರೆಂಚರು ಕೊನೆಯ ದಿನಗಳಲ್ಲಿ ಹಾದುಹೋದ ಮೌನದ ಕಣಿವೆ, ಅದರ ನೂರಾರು ಪಕ್ಕದ ಕಮರಿಗಳು ನೀರಿನಡಿಗೆ ಹೋದವು. ಜಲಾಶಯಕ್ಕೆ ಇಟ್ಟ ಹೆಸರು ಪೊವೆಲ್‌ನದು. ಅದು ಪೂರ್ತಿ ತುಂಬಿದ್ದು 1980ರಲ್ಲಿ. ಮುಳುಗಿದ್ದು ಕಣಿವೆ ಮಾತ್ರವಲ್ಲ, ಒಂದು ಋತುವೂ ಹೌದು. ಅಣೆಕಟ್ಟೆಯ ಕೆಳಗೆ ಹಿಮದ ಪ್ರವಾಹವೂ ಇಲ್ಲವಾಯಿತು, ಹೇಮಂತದ ಇಳಿನೀರೂ ಇಲ್ಲವಾಯಿತು. ಜಲಾಶಯದ ಆಳದಿಂದ ಬಿಡುವ ನೀರು ಬೇಸಿಗೆಯಲ್ಲೂ ಕೊರೆಯುತ್ತದೆ. ದೂರದ ನಗರಗಳಲ್ಲಿ ದೀಪ, ಏರ್ ಕಂಡೀಷನರ್‌ಗಳು ಹೊತ್ತಿಕೊಂಡಂತೆ ನದಿ ಏರುತ್ತದೆ, ಆರಿದಂತೆ ಇಳಿಯುತ್ತದೆ. ಸಂಜೆ ದಡಕ್ಕೆ ಕಟ್ಟಿದ ಕಯಾಕ್ ಬೆಳಗಿನ ಹೊತ್ತಿಗೆ ಒಣಬಂಡೆಯ ಮೇಲೆ ಕೂತಿರಬಹುದು. ಹಳೆಯ ಲೆಕ್ಕ ಇನ್ನೂ ಬಹುಮಟ್ಟಿಗೆ ಉಳಿದಿರುವುದು ದೊಡ್ಡ ಅಣೆಕಟ್ಟೆಗಳಿಲ್ಲದ ಯಾಂಪಾದಲ್ಲಿ. ಅಲ್ಲಿ ಈಗಲೂ ಮೇ, ಜೂನ್‌ನಲ್ಲಿ ದೊಡ್ಡ ತೆಪ್ಪಗಳ ಸಾಲು. ಹೇಮಂತದಲ್ಲಿ ನೀರು ಸೊರಗಿದಾಗ ಸಣ್ಣ ದೋಣಿ ಮಾತ್ರ ಬಂಡೆಗಳ ನಡುವೆ ನುಸುಳೀತು.

2000ನೇ ಇಸವಿಯಿಂದ ಈಚೆಗೆ ಕೊಲರಾಡೊ ಸೀಮೆಯಲ್ಲಿ ದೀರ್ಘ ಬರ. ಇಳಿನೀರು ಮತ್ತೆ ಬಂದಿದೆ, ಆದರೆ ಋತುವಾಗಿ ಅಲ್ಲ, ಕೊರತೆಯಾಗಿ. 2023ರ ಆರಂಭದಲ್ಲಿ ಪೊವೆಲ್ ಜಲಾಶಯದಲ್ಲಿ ಉಳಿದದ್ದು ಪೂರ್ಣ ಸಾಮರ್ಥ್ಯದ ಕಾಲುಭಾಗಕ್ಕೂ ಕಡಿಮೆ ನೀರು. ತುಂಬಿದ ಮೇಲೆ ಅದು ಅಷ್ಟು ಇಳಿದದ್ದು ಅದೇ ಮೊದಲು. ಕೆಟರಾಕ್ಟ್ ಕ್ಯಾನ್ಯನ್‌ನ ಕೆಳಭಾಗದಲ್ಲಿ ದಶಕಗಳ ಕಾಲ ಮುಳುಗಿದ್ದ ರಾಪಿಡ್‌ಗಳು ಒಂದೊಂದಾಗಿ ಮತ್ತೆ ಭೋರ್ಗರೆಯತೊಡಗಿವೆ. ಹಳೆಯ ಯಾನಿಗಳು ಬಿಟ್ಟುಹೋದ ಫೋಟೊಗಳನ್ನು ಹಿಡಿದು ಹೊಸಬರು ಬಂಡೆಗಳನ್ನು ಗುರುತು ಹಚ್ಚುತ್ತಿದ್ದಾರೆ. ಎರಡೂ ದಡಗಳಲ್ಲಿ ಜಲಾಶಯ ಬಿಟ್ಟುಹೋದ ಹೂಳಿನ ಎತ್ತರದ ಗೋಡೆಗಳು. ಅಣೆಕಟ್ಟೆ ಕಟ್ಟಿಸಿದ ಇಲಾಖೆಯ ಮುಖ್ಯಸ್ಥ ಫ್ಲಾಯ್ಡ್ ಡಾಮಿನಿಯ ಹೆಸರಿನಲ್ಲಿ, ಭೂವಿಜ್ಞಾನಿಗಳು ಶಿಲಾಪದರಗಳಿಗೆ ಹೆಸರಿಡುವ ಧಾಟಿಯಲ್ಲೇ, ದೋಣಿಯವರು ಅದನ್ನು ಡಾಮಿನಿ ಪದರ ಎಂದು ಕರೆದು ನಗುತ್ತಾರೆ.

ನದಿ ಆ ಹೂಳನ್ನು ಕೊರೆಯುತ್ತ ಇಳಿಯುತ್ತಿದೆಯಾದರೂ ಎಲ್ಲ ಕಡೆ ತನ್ನ ಹಳೆಯ ಪಾತ್ರವನ್ನೇ ಹಿಡಿದಿಲ್ಲ. ಉಪನದಿ ಸ್ಯಾನ್ ಹ್ವಾನ್ ಜಲಾಶಯವನ್ನು ಸೇರುವ ಪಾಯೂಟ್ ಫಾರ್ಮ್ಸ್ ಎಂಬಲ್ಲಿ ನೀರು ಹೂಳಿನ ಮೇಲೆ ದಾರಿತಪ್ಪಿ, ಒಂದು ಮರಳುಗಲ್ಲಿನ ಅಂಚಿಗೆ ಹೋಗಿ, ಮೊದಲಿಲ್ಲದ ಜಲಪಾತವಾಗಿ ಧುಮುಕುತ್ತಿದೆ. ಅಲ್ಲಿಗೆ ಬಂದ ಕಯಾಕ್‌ನವರು ದಡಕ್ಕಿಳಿದು, ದೋಣಿಯನ್ನು ಹೆಗಲಿಗೇರಿಸಿ, ಆಚೆ ಬದಿಗೆ ನಡೆದುಕೊಂಡು ಹೋಗಬೇಕು.